ಮುಳುಗನ ಕಾವಲು

ಪುಷ್ಪಮ್ಮ ಚೊಚ್ಚಲ ಹೆರಿಗೆಗೆಂದು ತವರಿಗೆ ಹೊರಟ ಬೆಳಿಗ್ಗೆ, ಮನೆಯ ನಾಯಿ ಮುಳುಗ ಅವಳ ಬಟ್ಟೆಗಂಟನ್ನು ಕಚ್ಚಿ ಹಿಡಿದು ಹೊಸ್ತಿಲಿಗೆ ಅಡ್ಡ ಮಲಗಿಬಿಟ್ಟಿತು. ಕಾರ್ಗಲ್ಲಿನಿಂದ ಹೊಸನಗರದ ಕಡೆಗೆ ಬಸ್ಸು ಹೊರಡುವ ಹೊತ್ತು. ಕರೆದೊಯ್ಯಲು ಬಂದಿದ್ದ ಅಣ್ಣ ಶೇಷಪ್ಪ ಗಂಟನ್ನು ಈ ಕಡೆ ಎಳೆದರೆ ನಾಯಿ ಆ ಕಡೆ ಎಳೆಯಿತು.

"ಇದೆಂತ ನಾಯಿ ಸಾಕೀರಿ ಅತ್ತೆ? ನಿನ್ನೆ ನಾ ಬಂದಾಗ ಬಾಲ ಅಲ್ಲಾಡಿಸ್ತು. ಈಗ ಹೊರಡೋಕೆ ಬಿಡ್ತಿಲ್ಲ!"

"ಅದ್ರ ಬುದ್ಧಿನೇ ಹಂಗೆ. ಕಳ್ಳ ಬಂದ್ರೂ ಒಳಗೆ ಕರ್ಕಂತದೆ. ಗಂಟು ಹೊತ್ಕಂಡು ಹೊರಟೋರನ್ನ ಮಾತ್ರ ಬಿಡಲ್ಲ, ಮುಂಡೇದು," ಅಂದಳು ಪುಷ್ಪಮ್ಮನ ಅತ್ತೆ ಹಾಲಮ್ಮ.

ಬೈದರೇನು, ಆ ಮುಂಡೇದಕ್ಕೆ ಮೊದಲ ತುತ್ತು ಹಾಕದೆ ಹಾಲಮ್ಮ ಒಂದು ದಿನವೂ ಉಂಡವಳಲ್ಲ. ಪುಷ್ಪಮ್ಮನಿಗೆ ಮಾತ್ರ ಅದನ್ನು ಕಂಡರಾಗದು. ಬಟ್ಟೆ ಒಗೆಯಲು ಹೊರಟಾಗ ಅವಳ ಧಾರೆ ಸೀರೆಯನ್ನೇ ಗಂಟಿನಿಂದ ಎಳೆದು ಹರಿದಿತ್ತು. ಅವತ್ತಿನಿಂದ ಅವಳದು ಒಂದೇ ಹಟ: ಮಗು ಎತ್ತಿಕೊಂಡು ಬರುವಷ್ಟರಲ್ಲಿ ಈ ನಾಯಿ ಮನೆಯಲ್ಲಿರಕೂಡದು. ಹಿನ್ನೀರು ದಾಟಿಸುವ ಲಾಂಚಿನಲ್ಲಿ ಕೆಲಸಕ್ಕಿದ್ದ ಗಂಡ ಜಟ್ಟಿಂಗಪ್ಪ ಹೂಂ ಅಂದಿದ್ದ. ನಾಳೆಯೇ ಅದನ್ನು ಆಚೆ ದಡದಲ್ಲಿ ಬಿಟ್ಟು ಬರುವುದೆಂದು ಮಾತಾಗಿತ್ತು. ಹಾಲಮ್ಮ ಎದುರಾಡಿರಲಿಲ್ಲ. ಊಟ ಬಿಟ್ಟಿದ್ದಳು, ಅಷ್ಟೇ.

"ಒಂದು ಕೋಲು ಕೊಡಿ ಇಲ್ಲಿ," ಅಂದ ಶೇಷಪ್ಪ.

"ಅಯ್ಯೋ, ಹೊಡೀಬ್ಯಾಡ ಮಾರಾಯ!" ಹಾಲಮ್ಮ ಅಡ್ಡ ಬಂದಳು. "ಮುಳುಗಡೆ ಊರಲ್ಲಿ ಸಿಕ್ಕಿದ್ದು ಇದು. ಅದ್ರ ಮನೆಯೋರು ಹೆಂಚು, ಬಾಗ್ಲು ಎಲ್ಲಾ ಕಿತ್ತು, ಗಂಟು ಕಟ್ಟಿ ಗಾಡಿಗೆ ಹೇರ್ಕಂಡು ಹೋದ್ರು. ಇದನ್ನ ಮರೆತ್ರೋ, ಬಿಟ್ರೋ, ದೇವ್ರಿಗೇ ಗೊತ್ತು. ನನ್ನ ಮಗ ನೋಡಿದಾಗ ಬಾಗ್ಲೇ ಇಲ್ಲದ ಹೊಸ್ತಿಲು ಕಾಯ್ಕಂಡು ನಿಂತಿತ್ತಂತೆ, ಹೊಟ್ಟೆ ಮಟ ನೀರಲ್ಲಿ. ಗಂಟು ಕಟ್ಟಿದೋರು ತಿರುಗಿ ಬರಲ್ಲ ಅಂತ ಅದಕ್ಕೆ ಗೊತ್ತು ಕಣಪ್ಪ."

ನಾಯಿ ನೀರಲ್ಲಿ ಸಿಕ್ಕಿದ್ದು ಪುಷ್ಪಮ್ಮನಿಗೂ ಗೊತ್ತಿತ್ತು. ಗಂಟಿನ ಸಂಗತಿ ಕೇಳಿದ್ದು ಇವತ್ತೇ. ಪಾಪ ಅನ್ನಿಸಿತು. ಭಾರದ ಮೈಯನ್ನು ಮೆಲ್ಲಗೆ ಬಗ್ಗಿಸಿ ನಾಯಿಯ ಎದುರು ಕೂತಳು. ಹೆದರುತ್ತಲೇ ಗಂಟು ಬಿಚ್ಚಿ, ಹುಟ್ಟುವ ಮಗುವಿಗೆಂದು ಅತ್ತೆ ತನ್ನ ಹಳೆ ಸೀರೆಯಲ್ಲಿ ಹೊಲಿದಿದ್ದ ಪುಟ್ಟ ಕೌದಿಯನ್ನು ಹೊರತೆಗೆದು ಅದರ ಮೂತಿಯ ಮುಂದಿಟ್ಟಳು.

"ಇದು ನಿನ್ನ ಹತ್ರನೇ ಇರ್ಲಿ, ನೋಡ್ಕೋ. ಕೂಸನ್ನ ಇದ್ರ ಮೇಲೆ ಮಲಗ್ಸೋಕೆ ಬಂದೇ ಬರ್ತೀನಿ," ಅಂದಳು. ಆಮೇಲೆ ತಲೆ ಎತ್ತದೆಯೇ, "ಅತ್ತೆ, ಇದನ್ನ ಲಾಂಚು ಹತ್ತಿಸೋದು ಬ್ಯಾಡ ಅಂತ ಅವ್ರಿಗೆ ಹೇಳಿ," ಎಂದಳು.

ಮುಳುಗ ಕೌದಿಯನ್ನು ಮೂಸಿತು. ಗಂಟನ್ನು ಬಿಟ್ಟಿತು. ಕೌದಿಯನ್ನು ಕಚ್ಚಿಕೊಂಡು ಮೂಲೆಗೆ ಹೋಗಿ, ಅದರ ಮೇಲೆ ಗದ್ದವೂರಿ ಮಲಗಿತು. ಶೇಷಪ್ಪ ಸಿಕ್ಕಿದ್ದೇ ಚಾನ್ಸು ಎಂದು ಗಂಟು ಬಾಚಿಕೊಂಡು ರಸ್ತೆಗೆ ಓಡಿದ.

ಪುಷ್ಪಮ್ಮ ಅಂಗಳಕ್ಕೆ ಇಳಿದಳಷ್ಟೆ, ಹಿಂದಿನಿಂದ ಸೆರಗು ಜಗ್ಗಿತು. "ಮತ್ತೆ ಶುರು ಆಯ್ತಾ ನಿಂದು!" ಎಂದು ತಿರುಗಿ ನೋಡಿದಳು.

ಸೆರಗು ಹಿಡಿದು ನಿಂತವಳು ಹಾಲಮ್ಮ.

"ಅದಕ್ಕೇನೋ ಕೌದಿ ಬಿಟ್ಟೆ. ನಂಗೆ?"