ಶಾಂತಿಭಂಗ

ಮೈಲಾರಪ್ಪನೂ ಅವನ ತಮ್ಮ ಈರಬಸಪ್ಪನೂ ಮಾತು ಬಿಟ್ಟು ವರ್ಷಗಳಾಗಿದ್ದವು. ಒಬ್ಬರ ಹೊಸ್ತಿಲನ್ನು ಇನ್ನೊಬ್ಬರು ತುಳಿದಿರಲಿಲ್ಲ. ಅವತ್ತು ಗಟಾರದ ನೀರಿನ ಸಲುವಾಗಿ ಇಬ್ಬರೂ ನಡುಬೀದಿಯಲ್ಲಿ ಕೊರಳಪಟ್ಟಿ ಹಿಡಿದು ನಿಂತಾಗ ಹವಾಲ್ದಾರ ಬಂದ.

“ಬೀದ್ಯಾಗ ಬಡದಾಡಿದ್ರ ಸಾರ್ವಜನಿಕ ಶಾಂತಿಭಂಗ. ಇಬ್ರನ್ನೂ ಒಳಗ ಹಾಕ್ತೀನಿ.”

“ಮನ್ಯಾಗ ಬಡದಾಡಿದ್ರ?” ತಮ್ಮ ಕೇಳಿದ.

“ಅದು ಈ ಕಲಮಿಗೆ ಬರೂದಿಲ್ಲ.”

ತಮ್ಮ ಹಿಡಿದ ಪಟ್ಟಿ ಬಿಡದೆ ಅಣ್ಣನನ್ನು ಎಳೆದುಕೊಂಡು ಅಣ್ಣನ ಮನೆಯೊಳಗೇ ನುಗ್ಗಿದ. ಬಾಗಿಲು ಮುಚ್ಚಿತು. ಹವಾಲ್ದಾರ ಹೊರಗೆ ಕಾದ. ಮೊದಲು ಕೂಗಾಟ ಕೇಳಿಸಿತು, ಆಮೇಲೆ ಅತ್ತಿಗೆಯ ಅಳು, ಆಮೇಲೆ ಏನೂ ಕೇಳಿಸಲಿಲ್ಲ. ಗಾಬರಿಯಾಗಿ ಅವನು ಬಾಗಿಲು ಬಡಿದ.

ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ ಅಣ್ಣ ಹೊರಗೆ ಇಣುಕಿದ.

“ನೀವು ಹೋಗ್ರಿ ಸಾಹೇಬ್ರ. ನಮ್ಮ ಜಗಳ ಇನ್ನಾ ಭಾಳ ಹೊತ್ತು ಐತಿ.”