ಎರಡನೇ ಕ್ಯಾಸೆಟ್ಟಿನ ನಾಲ್ಕನೇ ಹಾಡು

"ಅದೇ ಹಾಡು ಇನ್ನೊಂದು ಸಲ ಹಾಕಿ" ಎಂದಳು ಆ ಹೆಂಗಸು. ಇದು ಮೂರನೇ ಸಲ.

ಕ್ಯಾಸೆಟ್ ಅಂಗಡಿಯ ನಾಗಪತಿಗೆ ಖುಷಿಯೋ ಖುಷಿ. ಶಿರಸಿ ಬಸ್ ಸ್ಟ್ಯಾಂಡಿನ ಎದುರು ಜನ ಹೀಗೆ ನಿಂತು ಹಾಡು ಕೇಳಿದರೆ ವ್ಯಾಪಾರಕ್ಕೆ ಒಳ್ಳೆಯದೇ. ಅದರಲ್ಲೂ ಹಾಡಿದವನೇ ಒಳಗೆ ಸ್ಟೂಲಿನ ಮೇಲೆ ಕೂತಿರುವಾಗ. ಟೇಪನ್ನು ಹಿಂದಕ್ಕೆ ಸುತ್ತುತ್ತ, "ಇವರೇ ನೋಡಿ, ಭೈರುಂಬೆ ಸುಜಯ ಹೆಗಡೆ. ಹಾಡು ಕಟ್ಟಿದ್ದೂ ಇವರೇ, ಪಿಯಾನೊ ನುಡಿಸಿದ್ದೂ ಇವರೇ" ಎಂದು ತೋರಿಸಿಬಿಟ್ಟ. ಹೆಂಗಸು ತಲೆಯೆತ್ತಿ ನೋಡಿದಳು. ಸುಜಯ ಕ್ಯಾಸೆಟ್ಟಿನ ಡಬ್ಬಿ ಓದುವವನಂತೆ ಮುಖ ತಗ್ಗಿಸಿದ.

ಎಂಟು ಹಾಡು, ಎಂಟು ಕಥೆ. ಮೊದಲ ಕ್ಯಾಸೆಟ್ಟು ಸಿದ್ದಾಪುರ, ಯಲ್ಲಾಪುರದ ಬಸ್ಸುಗಳಲ್ಲೆಲ್ಲ ಮೊಳಗಿದ ಮೇಲೆ ಜನ ಎರಡನೆಯದಕ್ಕೆ ಕಾದಿದ್ದರು. ಇದರಲ್ಲಿ ಏಳು ಕಥೆಗಳನ್ನು ಸುಜಯ ಕಟ್ಟಿದ್ದ. ನಾಲ್ಕನೆಯದನ್ನು, ಈಗ ಈ ಹೆಂಗಸು ಮತ್ತೆ ಮತ್ತೆ ಹಾಕಿಸುತ್ತಿದ್ದುದನ್ನು, ಕಟ್ಟಬೇಕಾಗಿಯೇ ಬರಲಿಲ್ಲ. ಆರು ವರ್ಷದ ಹಿಂದೆ, ಒಂದು ಮುಸ್ಸಂಜೆ, ಯಲ್ಲಾಪುರ ರಸ್ತೆಯ ತಿರುವಿನಲ್ಲಿ ಅವನ ಸ್ಕೂಟರು ಒಬ್ಬನಿಗೆ ಬಡಿದಿತ್ತು. ಇಳಿದು ನೋಡಿದ, ಹೆದರಿದ, ಓಡಿಬಂದ. ಮೂರನೇ ದಿನ ಪೇಪರಿನಲ್ಲಿ ‘ಅಪರಿಚಿತ ವಾಹನ’ ಎಂದಿದ್ದುದನ್ನು ಓದಿ, ಸದ್ಯ ಬಚಾವಾದೆ ಅಂದುಕೊಂಡ. ಬಚಾವಾಗುವುದು ಎಲ್ಲಿಂದ ಬಂತು! ಪಿಯಾನೊ ಮುಂದೆ ಕೂತಾಗಲೆಲ್ಲ ಬೆರಳು ಆ ತಿರುವಿಗೇ ಹೋಗಿ ನಿಲ್ಲುತ್ತಿತ್ತು. ಹಾಡಿಬಿಟ್ಟರೆ ಪೀಡೆ ತೊಲಗೀತು ಎಂದು ಹಾಡಿದ.

ಹುಷಾರಿ ಏನು ಕಡಿಮೆಯೇ? ಸ್ಕೂಟರನ್ನು ಲಾರಿ ಮಾಡಿದ, ರಸ್ತೆಯನ್ನು ಘಟ್ಟದ ಕೆಳಗೆ ಒಯ್ದ, ಸತ್ತವನಿಗೆ ಬೇರೆ ಹೆಸರಿಟ್ಟ. ಕಥೆಯನ್ನು ಮಾತ್ರ ‘ನಾನು’ ಎಂದೇ ಹೇಳಿದ. ಹೇಳಿದರೇನಂತೆ? ತಾಳಮದ್ದಲೆ ಕೇಳಿ ಬೆಳೆದ ಸೀಮೆ ಇದು. ವೇಷವಿಲ್ಲದೆ ಕೂತಲ್ಲೇ ರಾವಣನಾಗಿ ಅರ್ಥ ಹೇಳುವವನು ‘ಸೀತೆಯನ್ನು ಕದ್ದವನು ನಾನೇ’ ಎಂದು ಎಷ್ಟು ಸಲ ಅಬ್ಬರಿಸಿದರೂ ಕೊನೆಗೆ ಅವನಿಗೆ ಚಹಾ ಕೊಡುತ್ತಾರೆಯೇ ಹೊರತು ಪೊಲೀಸರನ್ನು ಕರೆಯುವುದಿಲ್ಲ. ಸುಜಯನ ಧೈರ್ಯವೆಲ್ಲ ಅಷ್ಟೇ.

ಹಾಡು ಮತ್ತೆ ಶುರುವಾಯಿತು. ‘ಬಿದ್ದವನು ಕಣ್ಣು ಬಿಟ್ಟು ನೋಡಿದ, ಎದೆಗವುಚಿಕೊಂಡ ಹರಿದ ಪೊಟ್ಟಣದ ಹಸಿರು ಬಳೆ ಒಂದೂ ಒಡೆದಿರಲಿಲ್ಲ’ ಎಂಬ ಸಾಲು ಬರುತ್ತಲೇ ಹೆಂಗಸು ಕೈಯೆತ್ತಿದಳು.

"ಹಾಂ, ಅಲ್ಲೇ ನಿಲ್ಸಿ." ಸುಜಯನ ಕಡೆ ತಿರುಗಿದಳು. "ನಾನು ಗಂಗೆ. ಯಲ್ಲಾಪುರ ರಸ್ತೇಲಿ ಗಾಡಿ ಬಡ್ದು ಹೋದ್ರಲ್ಲ, ಅವ್ರ ಮನೆಯೋಳು. ನಿನ್ನೆ ಬಸ್ಸಲ್ಲಿ ಈ ಹಾಡು ಕೇಳ್ದೆ. ಬಳೆ ಸುದ್ದಿ ನಿಮಗೆ ಯಾರು ಹೇಳಿದ್ರು ಹೆಗಡೇರೇ?"

ಗಂಡನ ಹೆಸರನ್ನು ಅವಳು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಚೌಡ ಎಂಬ ಹೆಸರನ್ನು ಪೇಪರಿನಲ್ಲಿ ಓದಿದ ದಿನದಿಂದ ಸುಜಯ ಮರೆತಿದ್ದೇ ಇಲ್ಲ.

"ಯಾರೂ ಹೇಳಿಲ್ಲ... ಅದು ಕಥೆ. ಸುಮ್ನೆ ಕಟ್ಟಿದ್ದು."

"ಪೊಲೀಸ್ರು ಬರೂ ಮುಂಚೆ ಹೆಣದ ಕೈಯಿಂದ ಪೊಟ್ಣ ಬಿಡ್ಸಿದ್ದು ನಾನು. ನಂಗೇ ಅಂತ ತಂದಿದ್ರು. ಗಂಡ ಸತ್ತೋಳು ಬಳೆ ಇಟ್ಕಂಡಾಳೆ ಅಂತಾರೆ ಅಂತ ಪೊಲೀಸ್ರಿಗೂ ತೋರಿಸ್ಲಿಲ್ಲ, ಮಕ್ಕಳಿಗೂ ಹೇಳ್ಲಿಲ್ಲ. ಪೆಟ್ಟಿಗೆ ತಳದಲ್ಲಿ ಹಂಗೇ ಅದೆ."

ಸುಜಯ ಅವಳ ಹೆಗಲಾಚೆ ರಸ್ತೆ ನೋಡಿದ. ಇವಳು ಒಂದು ಕೂಗು ಹಾಕಿದರೆ ಮುಗಿಯಿತು, ಬಸ್ ಸ್ಟ್ಯಾಂಡಿನ ಜನವೆಲ್ಲ ಬಂದು ಮುತ್ತುತ್ತಾರೆ. ಠಾಣೆ, ಕೋರ್ಟು, ಜೈಲು. ಅಯ್ಯೋ ದೇವರೇ, ಅಮ್ಮನಿಗೆ ಏನು ಹೇಳುವುದು?

"ಎಂತ ಆತಾ ನಿಂಗೆ? ಮೈಯೆಲ್ಲ ಬೆವರು" ಎಂದ ನಾಗಪತಿ.

"ಎಂತೂ ಆಜಿಲ್ಲೆ. ಆನು ಮನೆಗೆ ಹೋಗ್ತೆ." ಸುಜಯ ಎದ್ದ. ಆದರೆ ಗೂಡಿನಂಥ ಆ ಅಂಗಡಿಗೆ ಇದ್ದದ್ದು ಒಂದೇ ಬಾಗಿಲು, ಅಲ್ಲಿ ಗಂಗೆ ನಿಂತಿದ್ದಳು.

ಅವಳು ಕೂಗಲಿಲ್ಲ. ದನಿಯನ್ನು ಇನ್ನೂ ಇಳಿಸಿದಳು. "ಜಗಳಕ್ಕೆ ಬಂದಿದ್ದಲ್ಲ ನಾನು. ಹಿರೇರ ಹಬ್ಬಕ್ಕೆ ಸತ್ತೋರಿಗೆ ಎಡೆ ಇಡ್ತೀವಲ್ಲ, ನಮ್ಮನೇಲಿ ಒಂದು ಪದ್ಧತಿ ಅದೆ. ಸಾಯೋ ಹೊತ್ತಿಗೆ ಬಾಯಿಬಿಟ್ಟು ಎಂತ ಕೇಳಿದ್ರೋ ಅದನ್ನೇ ಎಡೆಗೆ ಇಡಬೇಕು. ಇಲ್ದಿದ್ರೆ ಬಂದೋರು ಹಸ್ಕಂಡೇ ಹೋಗ್ತಾರೆ. ಬಡ್ದ ಕೂಡ್ಲೇ ಜೀವ ಹೋಗಿತ್ತು, ಎಂತ ಕೇಳೂಕೂ ಪುರುಸೊತ್ತಿರ್ಲಿಲ್ಲ ಅಂದ್ರು ಎಲ್ಲಾರೂ. ನಾ ಸುಮ್ನೆ ಒಂದು ಚೊಂಬು ನೀರು ಇಡ್ತಾ ಬಂದೆ. ನಿಮ್ಮ ಹಾಡಲ್ಲಿ ಅವ್ರು ಕಣ್ಣು ಬಿಡ್ತಾರೆ."

ಗಂಗೆ ಟೇಪಿನ ಕಡೆ ಕೈ ತೋರಿಸಿದಳು.

"ಕಥೆ ಅಂತಾನೇ ಇಟ್ಕಳಿ. ಕಥೇಲಾದ್ರೂ ಹೇಳಿ, ನೀರು ಕೇಳಿದ್ರಾ?"

ಹೌದು ಎಂದಿದ್ದರೆ ಅವಳು ಸಮಾಧಾನದಿಂದ ಮನೆಗೆ ಹೋಗುತ್ತಿದ್ದಳು. ಗೊತ್ತಿಲ್ಲ ಎಂದಿದ್ದರೂ ನಡೆಯುತ್ತಿತ್ತು. ಹಾಗೆ ಹೇಳಲೆಂದೇ ಸುಜಯ ಬಾಯಿ ತೆರೆದ. ಆದರೆ ಆರು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದು, ಹಾಡಿನೊಳಗೂ ಹಾಕಲು ಧೈರ್ಯ ಬಾರದೆ ಬಿಟ್ಟಿದ್ದು, ತಾನಾಗಿ ಹೊರಗೆ ಬಂತು.

"ನೀರು ಕೇಳ್ಲಿಲ್ಲ. ‘ನಿಂಗೆ ಪೆಟ್ಟಾತಾ ತಮಾ’ ಅಂತ ಕೇಳಿದ್ರು."

ನಾಗಪತಿ ಬಾಯಿ ಬಿಟ್ಟುಕೊಂಡು ಗೆಳೆಯನನ್ನೇ ನೋಡಿದ. ಸುಜಯ ಮತ್ತೆ ಸ್ಟೂಲಿನ ಮೇಲೆ ಕೂತ. ಇನ್ನು ಕೂಗುತ್ತಾಳೆ, ಈಗ ಕೂಗುತ್ತಾಳೆ ಎಂದು ತಲೆ ತಗ್ಗಿಸಿ ಕಾದ.

ಗಂಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಹೌದು," ಎಂದಳು, "ಅವ್ರೇ ಸೈ. ಅವ್ರು ಹಂಗೇ ಕೇಳೋರು." ಸುಜಯನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು.

"ಪೆಟ್ಟಾಗಿತ್ತಾ?"