ಕಳ್ಳ ಬಂದ ದಾರಿ

ಮಗಳ ಮದುವೆಗೆಂದು ಮಾಡಿಸಿಟ್ಟಿದ್ದ ಒಡವೆಯೆಲ್ಲ ಕಳುವಾಗಿತ್ತು. ನೆಂಟರ ಮನೆಯಿಂದ ವಾಪಸು ಬಂದಾಗ ಮುಂಬಾಗಿಲ ಬೀಗ ಹಾಕಿದ ಹಾಗೇ ಇತ್ತು, ಸರಳಿಲ್ಲದ ಅಡುಗೆಮನೆ ಕಿಟಕಿ ಮಾತ್ರ ಹಾರು ಹೊಡೆದಿತ್ತು. ಹೊರಡುವಾಗ ಅದರ ಚಿಲಕ ಹಾಕಲು ಮರೆತವಳು ಚನ್ನಾಜಮ್ಮ.

"ಬಾಗಿಲು ನಾನು ಹಾಕಿದ್ದು. ನೋಡು, ಬೀಗ ಅಲ್ಲಾಡಿಲ್ಲ," ಎಂದ ಗಂಡ. "ಒಂದು ಚಿಲಕ ಹಾಕೋ ಯೋಗ್ಯತೆ ಇಲ್ಲವಲ್ಲೇ ನಿನಗೆ."

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಪ್ರತಿ ಕಿಟಕಿಗೂ ಹೊಸ ಲಾಕು ಹಾಕಿಸಿದ. ಒಂದೊಂದು ಲಾಕಿಗೂ ಹೆಂಡತಿಯನ್ನು ಬೈದ. ಮಗಳ ಬರಿಗೊರಳು ಕಂಡಾಗಲೆಲ್ಲ ಚನ್ನಾಜಮ್ಮ ತನ್ನನ್ನೇ ಶಪಿಸಿಕೊಳ್ಳುತ್ತಿದ್ದಳು.

ಕೊನೆಗೆ ಕಳ್ಳ ಸಿಕ್ಕಿದ. ಒಡವೆ ಅಷ್ಟರಲ್ಲಿ ಕರಗಿ ಹೋಗಿತ್ತು. ಪೊಲೀಸರು ಮಹಜರಿಗೆಂದು ಅವನನ್ನು ಮನೆಗೇ ಕರೆತಂದರು. ಬೀದಿಯವರೆಲ್ಲ ಅಂಗಳದಲ್ಲಿ ಸೇರಿದರು.

"ಒಳಗೆ ಹೇಗೆ ಬಂದೆ, ತೋರಿಸು," ಎಂದರು ಇನ್ಸ್‌ಪೆಕ್ಟರು.

"ತೋರಿಸೋದೇನು ಬಂತು ಸಾರ್? ಇವಳು ಕಿಟಕಿ ತೆಗೆದಿಟ್ಟು ಕರೆದಿದ್ದಳಲ್ಲ," ಎಂದ ಗಂಡ.

ಚನ್ನಾಜಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. "ಹೌದು ಸ್ವಾಮಿ, ತಪ್ಪು ನಂದೇ. ಬರಕೊಳ್ಳಿ."

ಕಳ್ಳ ಅವಳ ಮುಖ ನೋಡಿದ. "ಯಾವ ಕಿಟಕಿ ತಾಯಿ? ನಾನು ಮನೆ ಹಿಂದಕ್ಕೆ ಹೋಗಲೇ ಇಲ್ಲ. ಬಂದದ್ದೂ ಹೋದದ್ದೂ ಮುಂಬಾಗಿಲಲ್ಲೇ."

"ಸುಳ್ಳು ಬೊಗಳಬೇಡ. ಬೀಗ ಒಡೆದಿರಲಿಲ್ಲ," ಗಂಡ ಗದರಿದ.

ಕಳ್ಳ ಬಗ್ಗಿ, ಹೊಸಿಲ ಪಕ್ಕದಲ್ಲಿದ್ದ ಗಂಡನ ಹಳೇ ಬೂಟಿನೊಳಗೆ ಕೈಹಾಕಿ, ಅವತ್ತಿನ ಹಾಗೇ ಬೀಗದ ಕೈ ತೆಗೆದ.